ಚಹಾದ ಹೊತ್ತಿಗೆ ಹೋಗುವ ಕರೆಂಟು

ಮರಡಿಗಟ್ಟಿಯ ವಿದ್ಯುತ್ ಉಪಕೇಂದ್ರದ ದೊಡ್ಡ ಟ್ರಾನ್ಸ್‌ಫಾರ್ಮರಿಗೆ ಆ ಬೆಳಿಗ್ಗೆ ಮೈಯಲ್ಲಿ ಹುಷಾರಿರಲಿಲ್ಲ. ಅದು 'ಆರೈಕೆ' ಎಂಬ ಯಂತ್ರವ್ಯವಸ್ಥೆಯ ಹೊರತು ಬೇರೆ ಯಾರಿಗೂ ಗೊತ್ತಾಗಲಿಲ್ಲ. ತಂಪಿಗೆಂದು ಟ್ರಾನ್ಸ್‌ಫಾರ್ಮರಿನೊಳಗೆ ತುಂಬಿಸಿದ ಎಣ್ಣೆಯಲ್ಲಿ ಅಸಿಟಿಲೀನ್ ಎಂಬ ಅನಿಲ ಚೂರೇ ಚೂರು ಹೆಚ್ಚಾಗಿತ್ತು. ಒಳಗೆಲ್ಲೋ ಕಿಡಿ ಹಾರುತ್ತಿದೆ ಎನ್ನುವುದಕ್ಕೆ ಅದೇ ಗುರುತು; ವೈದ್ಯರು ರಕ್ತ ಪರೀಕ್ಷೆ ಮಾಡಿಸಿ ಹೊಟ್ಟೆಯೊಳಗಿನ ಕಾಯಿಲೆ ಹೇಳುವುದಿಲ್ಲವೇ, ಹಾಗೆ. ಆರೈಕೆ ಎಣ್ಣೆಯನ್ನು ಪರೀಕ್ಷಿಸಿತು, ತಂತಿಸುರುಳಿಗಳ ಶಾಖ ನೋಡಿತು, ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆಯಲ್ಲಿ ಹೊಸದಾಗಿ ಸೇರಿಕೊಂಡ ಸಣ್ಣ ಕರಕರ ಶಬ್ದವನ್ನು ಕೇಳಿಸಿಕೊಂಡಿತು. ಆಮೇಲೆ ಊರಿನ ಭಾರವನ್ನೆಲ್ಲ ಪಕ್ಕದ ಟ್ರಾನ್ಸ್‌ಫಾರ್ಮರಿಗೂ ಹೊಳೆಯಾಚೆಯ ಬ್ಯಾಟರಿ ಮನೆಗೂ ಹಂಚಿ ಕೊಟ್ಟು, ರೋಗಿಯನ್ನು ಲೈನಿನಿಂದ ಬಿಡಿಸಿ, ರಿಪೇರಿಯ ಯಂತ್ರವನ್ನು ತಾನೇ ಕರೆಸಿಕೊಂಡಿತು.

ಇಷ್ಟೆಲ್ಲ ನಡೆದರೂ ಊರಿನಲ್ಲಿ ಒಂದು ದೀಪವೂ ಮಿಣುಕಲಿಲ್ಲ. ಮಿಕ್ಸರ್ ತಿರುಗಿಸುತ್ತಿದ್ದವರು ತಿರುಗಿಸುತ್ತಲೇ ಇದ್ದರು. ಈ ಶತಮಾನ ಅರವತ್ತು ದಾಟಿದ್ದ ಆ ಕಾಲದಲ್ಲಿ ಕರೆಂಟ್ ಹೋಗುವುದೆಂದರೇನೆಂದು ಆರೈಕೆ ಇದ್ದ ಆ ಊರಿನ ಚಿಕ್ಕ ಮಕ್ಕಳಿಗೆ ಗೊತ್ತಿರಬಾರದಿತ್ತು. ಆದರೆ ಗೊತ್ತಿತ್ತು. ಡಾ. ಸಿಂಚನಾ ಗಿರಣಿಯವರು ಬೆಂಗಳೂರಿನಿಂದ ಹೊರಟು ಬಂದದ್ದು ಆ ಕಾರಣಕ್ಕೇ.

ಆರೈಕೆಯನ್ನು ಕಟ್ಟಿದವರು ಸಿಂಚನಾ. ಟ್ರಾನ್ಸ್‌ಫಾರ್ಮರು, ತಂತಿಗಳು, ಅಪಾಯ ಕಂಡರೆ ಸಂಪರ್ಕ ಕಡಿಯುವ ಬ್ರೇಕರುಗಳು, ಹೀಗೆ ಉಪಕೇಂದ್ರದ ಪ್ರತಿಯೊಂದು ಉಪಕರಣದ ಒಳಗೂ ಎಳ್ಳಿನ ಗಾತ್ರದ ಸಂವೇದಕಗಳನ್ನು ಕೂರಿಸಿ, ಅವು ಹೇಳಿದ್ದನ್ನೆಲ್ಲ ಕೂಡಿಸಿ ನೋಡಿ, ಕೆಡುವ ಮೊದಲೇ ಕೈಹಿಡಿಯುವ ವ್ಯವಸ್ಥೆ ಅದು. ಆಕೆಗೆ ಐವತ್ತು ದಾಟಿತ್ತು. ಅದರಲ್ಲಿ ಅರ್ಧ ಆಯುಷ್ಯ ಇದಕ್ಕೇ ಹೋಗಿತ್ತು. ಹಟ ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ ತಮ್ಮ ಅಡ್ಡಹೆಸರನ್ನು ತೋರಿಸುತ್ತಿದ್ದರು. ರೋಣದ ಕಡೆಯ ಹಳ್ಳಿಯೊಂದರಲ್ಲಿ ಅವರಪ್ಪನದು ಹಿಟ್ಟಿನ ಗಿರಣಿ. ಅಪ್ಪ ಉಂಡದ್ದು, ಮಲಗಿದ್ದು, ಎದ್ದದ್ದು ಎಲ್ಲ ಕರೆಂಟಿನ ಮರ್ಜಿಯಂತೆ. ಸಾಲೆಯಲ್ಲಿ ಮಗಳಿಗೆ ಬಹುಮಾನ ಕೊಟ್ಟ ದಿನ ಸರಿಯಾಗಿ ಆ ಹೊತ್ತಿಗೇ ಕರೆಂಟ್ ಬಂದು, ಅಪ್ಪ ಬರಲಿಲ್ಲ. ಇನ್ನು ಯಾರೂ ಕರೆಂಟಿಗೆ ಕಾಯಬಾರದು ಎಂದು ಹುಡುಗಿ ಆವತ್ತೇ ತೀರ್ಮಾನ ಮಾಡಿಬಿಟ್ಟಳು. ಅಷ್ಟು ಸಣ್ಣ ವಯಸ್ಸಿನ ಸಿಟ್ಟನ್ನು ಇಷ್ಟು ದೂರ ಹೊತ್ತು ತರುವವರು ಕಡಿಮೆ.

ಈಗ ಆರೈಕೆಯನ್ನು ರಾಜ್ಯಕ್ಕೆಲ್ಲ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುವ ಸಮಿತಿ ಒಂದೇ ಷರತ್ತು ಹಾಕಿತ್ತು. ಪ್ರಯೋಗದ ಊರಾದ ಮರಡಿಗಟ್ಟಿಯಲ್ಲಿ ವರ್ಷವಿಡೀ ಎಲ್ಲಿಯೂ ಕರೆಂಟ್ ಹೋಗಬಾರದು. ಆಸ್ಪತ್ರೆಯ ಲೈನು, ನೀರಿನ ಪಂಪುಗಳ ಲೈನು, ಪೇಟೆಯ ಲೈನು ಎಲ್ಲವೂ ಪರೀಕ್ಷೆ ಪಾಸು ಮಾಡಿದ್ದವು. ವಿದ್ಯುತ್ ಮಗ್ಗಗಳಿದ್ದ ನೇಕಾರ ಓಣಿಗೆ ಹೋಗುವ ಲೈನು ಮಾತ್ರ ದಿನಾ ಸಂಜೆ ಒಂದು ಚಹಾ ಕುಡಿಯುವಷ್ಟು ಹೊತ್ತು ಸತ್ತು ಮತ್ತೆ ಏಳುತ್ತಿತ್ತು. ಕಾರಣವೆಂದು ಆರೈಕೆ ತೋರಿಸುತ್ತಿದ್ದುದು ಎರಡೇ ಪದ: ತಂಪಾಗಲು ಬಿಡುವು.

ಉಪಕೇಂದ್ರದಲ್ಲಿ ಉಳಿದಿದ್ದ ಒಬ್ಬನೇ ಮನುಷ್ಯ ಗುರುಪಾದ ಹೂಲಿ. ಕೆಲಸವನ್ನೆಲ್ಲ ಯಂತ್ರವೇ ಮಾಡುತ್ತಿದ್ದರಿಂದ ಅವನಿಗೆ ಉಳಿದಿದ್ದುದು ಗೇಟು ತೆಗೆಯುವುದು, ಹುಲ್ಲು ಕೀಳಿಸುವುದು, ಬಂದವರಿಗೆ ಕುರ್ಚಿ ಹಾಕುವುದು. ಸಿಂಚನಾ ನೇರವಾಗಿ ಅವನನ್ನೇ ಅನುಮಾನಿಸಿದರು. ಅವನಿಗೆ ಬೇಜಾರೇನೂ ಆಗಲಿಲ್ಲ.

"ನನ್ನ ಕೈಯಾಗ ಏನೈತ್ರಿ ಮೇಡಂ," ಎಂದ. "ಹಿಡಿಕಿಗೆಲ್ಲಾ ನೀವ ಸೀಲ್ ಹಾಕೀರಿ. ಕರೆಂಟ್ ತಗಿಯೋದು ನಿಮ್ಮ ಆರೈಕೀನ."

ಸೀಲುಗಳು ಇದ್ದಲ್ಲೇ ಇದ್ದವು. ನೇಕಾರ ಓಣಿಯ ಟ್ರಾನ್ಸ್‌ಫಾರ್ಮರನ್ನು ಸಿಂಚನಾ ತಾವೇ ನಿಂತು ಪರೀಕ್ಷಿಸಿದರು. ಅದು ಬಿಸಿಯಾಗುತ್ತಲೇ ಇರಲಿಲ್ಲ, ಗುಂಡುಕಲ್ಲಿನಂತೆ ಗಟ್ಟಿಯಾಗಿತ್ತು. ಹುಷಾರಾಗಿರುವ ಟ್ರಾನ್ಸ್‌ಫಾರ್ಮರಿಗೆ ದಿನಾ ವಿಶ್ರಾಂತಿ ಕೊಡುವ ಹುಚ್ಚು ಯಂತ್ರಕ್ಕೆ ಎಲ್ಲಿಂದ ಬಂತು? ಬಹಳ ಕೆದಕಿದ ಮೇಲೆ ಗುರುಪಾದ ಬಾಯಿ ಬಿಟ್ಟ.

ಅದಕ್ಕೆ ಚಹಾದ ಕರೆಂಟು ಎಂದು ಹೆಸರು. ಅವನಿಗಿಂತ ಮುಂಚೆ ಇದ್ದವರು, ಅವರಿಗಿಂತ ಮುಂಚೆ ಇದ್ದವರು, ಎಲ್ಲರೂ ಸಂಜೆಯ ಆ ಹೊತ್ತಿಗೆ ನೇಕಾರ ಓಣಿಯ ಲೈನನ್ನು ತೆಗೆಯುತ್ತಿದ್ದರು. ಯಾಕೆ ತೆಗೆದಿರೆಂದು ಮೇಲಿನವರು ಕೇಳಬಾರದಲ್ಲ, ಅದಕ್ಕೆ ಟ್ರಾನ್ಸ್‌ಫಾರ್ಮರ್ ತಂಪಾಗಲೆಂದು ಕಾರಣ ಹೇಳುತ್ತಿದ್ದರು. ಓಣಿಯ ಹೆಂಗಸರು ಸರದಿಯಂತೆ ಒಂದು ಕೆಟಲ್ ಚಹಾ ಕಳಿಸುತ್ತಿದ್ದರು. ಹೊಸಬ ಕೆಲಸಕ್ಕೆ ಬಂದರೆ ಹಳಬ ಬೀಗದ ಕೈಗಳ ಜೊತೆಗೆ ಇದನ್ನೂ ಒಪ್ಪಿಸಿ ಹೋಗುತ್ತಿದ್ದ.

ಸಿಂಚನಾರಿಗೆ ಈಗ ತಿಳಿಯಿತು. ಆರೈಕೆಗೆ ವಿದ್ಯೆ ಕಲಿಸುವಾಗ ಅವರು ಆ ಉಪಕೇಂದ್ರದ ಹಿಂದಿನ ದಶಕಗಳ ನಡವಳಿಕೆಯನ್ನೆಲ್ಲ ಅದಕ್ಕೆ ಉಣಿಸಿದ್ದರು. ದಿನಾ ಸಂಜೆ ಬಿಡುವು ಪಡೆದ ಆ ಟ್ರಾನ್ಸ್‌ಫಾರ್ಮರು ಉಳಿದವಕ್ಕಿಂತ ಹೆಚ್ಚು ಕಾಲ ಬಾಳಿದ್ದೂ ನಿಜ. ಇದು ಒಳ್ಳೆಯ ಪದ್ಧತಿಯೇ ಇರಬೇಕೆಂದು ತೀರ್ಮಾನಿಸಿ ಯಂತ್ರ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿತ್ತು. ಸುಳ್ಳು ಕಾರಣವನ್ನು ನಿಜವೆಂದು ನಂಬಿದ್ದು ಇಡೀ ಊರಿನಲ್ಲಿ ಅದೊಂದೇ.

"ಚಹಾ ಈಗಲೂ ಬರ್ತದೇನು?" ಎಂದು ಸಿಂಚನಾ ಕೇಳಿದರು.

ಗುರುಪಾದ ತಲೆ ತಗ್ಗಿಸಿದ. "ಬರ್ತೈತ್ರಿ. ನಾನ ತಗೀತೀನಿ ಅಂತ ತಿಳದಾರ ಅವ್ರು. ಏನೂ ಮಾಡದ ಚಹಾ ಕುಡ್ಯಾಕ ನಾಚಿಕಿ ಬರ್ತೈತಿ. ಖರೆ ಹೇಳಾಕೂ ಬಾಯಿ ಬರವಲ್ದು."

ಆ ಸಂಜೆ ಸಿಂಚನಾ ನೇಕಾರ ಓಣಿಗೆ ಹೋದರು. ಓಣಿ ಇನ್ನೂ ದೂರವಿರುವಾಗಲೇ ಸದ್ದು ಎದುರು ಬಂತು. ಆ ಊರಿನ ಸೀರೆಯ ದಡಿಗೆ ಇನ್ನೂ ಹಳೆಯ ಲಾಳಿಯ ಮಗ್ಗಗಳೇ ಆಗಬೇಕಿತ್ತು. ಸಾಲು ಸಾಲು ಷೆಡ್ಡುಗಳಲ್ಲಿ ನೂಲು ಹೊತ್ತ ಲಾಳಿಗಳು ಆ ಕಡೆಯಿಂದ ಈ ಕಡೆಗೆ ಬಡಿದುಕೊಳ್ಳುವ ಖಟಪಟ ಎಷ್ಟಿತ್ತೆಂದರೆ ಮುಂದೆ ನಿಂತವರ ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಕಿವಿಗೆ ಹಾಕಿಕೊಳ್ಳಲೆಂದು ಕೊಟ್ಟ ಮುಚ್ಚಳಗಳು ಗೋಡೆಯ ಮೊಳೆಗೆ ನೇತಾಡುತ್ತಿದ್ದವು. ಎಳೆ ಹರಿದದ್ದು, ಲಾಳಿ ದಾರಿ ತಪ್ಪಿದ್ದು ನೇಕಾರನಿಗೆ ತಿಳಿಯುವುದೇ ಸದ್ದಿನಿಂದ. ಮುಚ್ಚಳ ಹಾಕಿಕೊಂಡರೆ ಬಟ್ಟೆ ಕೆಡುತ್ತದೆ.

ಷೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆ ದೀಪ ಆರಿತು. ಮಗ್ಗಗಳು ಒಂದೆರಡು ಏಟು ಹೊಡೆದು ನಿಂತವು. ಅಷ್ಟು ಸದ್ದಿನ ಮೇಲೆ ಬಂದ ಆ ನಿಶ್ಶಬ್ದದಲ್ಲಿ ಮೊದಲು ಕೇಳಿಸಿದ್ದು ಯಾರೋ ಕೆಮ್ಮಿದ್ದು. ಆಮೇಲೆ ಜನ ಹೊರಗೆ ಬಂದರು. ಕಿವಿಯೊಳಗಿನ ಹತ್ತಿಯ ಧೂಳನ್ನು ಸೆರಗಿನ ತುದಿಯಿಂದ ಒರೆಸಿಕೊಂಡರು, ಕಟ್ಟೆಯ ಮೇಲೆ ಕೂತರು, ಚಹಾ ಹಂಚಿಕೊಂಡರು. ನಿಶ್ಚಿತಾರ್ಥದ ಮಾತು, ಜಗಳದ ಮಾತು, ನಿನ್ನೆ ಅರ್ಧಕ್ಕೆ ಬಿಟ್ಟ ಮಾತು ಎಲ್ಲ ಶುರುವಾದವು.

ಅಲ್ಲಿ ಸಿಂಚನಾರಿಗೆ ಚಹಾ ಕೊಟ್ಟವಳು ಭಾಗ್ಯಶ್ರೀ ಹಟಗಾರ. ಅವಳ ಪಾಳಿ ಬೆಳಗಿನಿಂದ ಸಂಜೆಯವರೆಗೆ. ಅವಳ ಗಂಡ ಸಂಗಮೇಶನ ಪಾಳಿ ಸಂಜೆಯ ಹತ್ತಿರ ಶುರುವಾಗಿ ಅರ್ಧ ರಾತ್ರಿಯವರೆಗೆ. ಅವನು ಮನೆಗೆ ಬರುವಾಗ ಅವಳು ಮಲಗಿರುತ್ತಾಳೆ, ಅವಳು ಹೊರಡುವಾಗ ಅವನು ಎದ್ದಿರುವುದಿಲ್ಲ. ಇಬ್ಬರೂ ಒಂದೇ ಷೆಡ್ಡಿನಲ್ಲಿ ಇರುವುದು ಈ ಸಂಜೆಯ ಹೊತ್ತು ಮಾತ್ರ. ಮೇಲಾಗಿ ಅವನ ಕಿವಿ ಅರ್ಧ ಹೋಗಿದೆ. ನಡುನಡುವೆ ಸದ್ದಿನಿಂದ ಬಿಡುವು ಸಿಗದಿದ್ದರೆ ಉಳಿದರ್ಧವೂ ಹೋಗುತ್ತದೆಂದು ಡಾಕ್ಟರು ಹೇಳಿದ್ದಾರೆ. ಇದನ್ನೆಲ್ಲ ಅವಳು ಬೇರೆ ಯಾರದೋ ಮನೆಯ ಸುದ್ದಿಯಂತೆ ಆರಾಮಾಗಿ ಹೇಳಿದಳು.

"ಹಗಲೆಲ್ಲಾ ಇಕಿ ಬೈದದ್ದು ನನಗ ಕೇಳಂಗಿಲ್ರಿ," ಎಂದು ಸಂಗಮೇಶ ನಡುವೆ ಬಾಯಿ ಹಾಕಿದ. "ಹಿಂಗಾಗಿ ಎಲ್ಲಾ ಕೂಡಿಸಿಟ್ಟು ಈಗ ಬೈತಾಳ."

ಮಗ್ಗ ನಿಲ್ಲಿಸಲು ಕರೆಂಟೇ ಯಾಕೆ ಹೋಗಬೇಕು, ಷೆಡ್ಡಿನ ಒಡೆಯರಾದ ಸಾವ್ಕಾರರನ್ನು ಕೇಳಿದರೆ ಬಿಡುವು ಕೊಡುವುದಿಲ್ಲವೇ ಎಂದು ಸಿಂಚನಾ ವಿಚಾರಿಸಿದರು. ಭಾಗ್ಯಶ್ರೀ ಮಗ್ಗದ ಪಕ್ಕದ ಗೋಡೆಯನ್ನು ತೋರಿಸಿದಳು. ಅಲ್ಲಿ ಪ್ರತಿ ಮಗ್ಗಕ್ಕೂ ಒಂದು ಕೆಂಪು ಗುಂಡಿ ಇತ್ತು. ಒತ್ತಿದರೆ ಆ ಮಗ್ಗ ನಿಲ್ಲುತ್ತದೆ.

"ಸಾವ್ಕಾರ್ರು ಬ್ಯಾಡ ಅನ್ನಂಗಿಲ್ರಿ. ದಣಿವಾದವ್ರು ಬಂದ್ ಮಾಡ್ಕೋರಿ ಅಂತಾರ. ಬಾಜೂದಾಕಿ ಮಗ್ಗ ನಡದಿರ್ತೈತಿ, ನಾ ಒಬ್ಬಾಕಿ ಹೆಂಗ ಬಂದ್ ಮಾಡ್ಲಿ? ಆಕಿಗೂ ಹಂಗ ಅನಸ್ತೈತಿ. ಕರೆಂಟ್ ಹೋದ್ರ ಎಲ್ಲಾರ್ದೂ ಹೋಗ್ತೈತಿ. ಯಾರ ಮ್ಯಾಲೂ ಸಿಟ್ಟಿಲ್ಲ, ಯಾರಿಗೂ ಸಂಕೋಚಿಲ್ಲ."

ಸಿಂಚನಾ ಸುಳ್ಳು ಹೇಳುವವರಲ್ಲ. ತಾವು ಯಾರು, ಬಂದದ್ದು ಯಾಕೆ, ಆ ಕರೆಂಟ್ ತೆಗೆಯುತ್ತಿರುವುದು ಗುರುಪಾದ ಅಲ್ಲ, ಒಂದು ಯಂತ್ರ, ಅದೂ ತಪ್ಪು ತಿಳಿದು, ಎಂದೆಲ್ಲ ಬಿಡಿಸಿ ಹೇಳಿದರು. ಅದನ್ನು ಸರಿಪಡಿಸದೆ ಬೇರೆ ದಾರಿಯಿಲ್ಲವೆಂದೂ ಹೇಳಿದರು. ಒಂದು ಓಣಿಯ ಸಲುವಾಗಿ ಸಮಿತಿ ಆರೈಕೆಯನ್ನೇ ಬೇಡವೆಂದರೆ, ರಾಜ್ಯದ ಎಷ್ಟೋ ಊರುಗಳ ಹೆರಿಗೆ ಮನೆಗಳಲ್ಲಿ ದೀಪ ಆರುತ್ತಲೇ ಇರುತ್ತದೆ.

ಭಾಗ್ಯಶ್ರೀ ಖಾಲಿ ಲೋಟಗಳನ್ನು ಒಂದರೊಳಗೊಂದು ಜೋಡಿಸಿದಳು. "ದವಾಖಾನಿದು ಹೋಗೂದು ಬ್ಯಾಡ್ರಿ," ಎಂದಳು. "ನಮ್ಮ ಓಣೀದಷ್ಟ ಹೋಗ್ಲಿ. ಇಷ್ಟ ಬಿಟ್ರ ಮತ್ತೇನೂ ಕೇಳಾಂಗಿಲ್ಲ."

ಮರುದಿನ ಸಿಂಚನಾ ಷೆಡ್ಡುಗಳ ಸಾವ್ಕಾರರನ್ನು ಕಂಡರು. ಒಳ್ಳೆಯ ಮನುಷ್ಯ. ಸಂಜೆ ಎಲ್ಲ ಮಗ್ಗ ಒಟ್ಟಿಗೆ ನಿಲ್ಲಿಸುವುದು ಒಳ್ಳೆಯದು ಎಂದು ತಾವೇ ಒಪ್ಪಿದರು. ಆದರೆ ಆಚೆ ಸಾಲಿನ ಸಾವ್ಕಾರರು ಮೊದಲು ನಿಲ್ಲಿಸಲಿ ಎಂದರು. ಆಚೆ ಸಾಲಿನವರನ್ನು ಕೇಳಿದರೆ ಅವರು ಈಚೆ ಸಾಲನ್ನು ತೋರಿಸಿದರು. ಕರೆಂಟು ಹೋಗುವುದೇ ಚಲೋ ಎಂದು ಇಬ್ಬರೂ ಹೇಳಿದ್ದು ತಮಾಷೆಯ ವಿಷಯ.

ಸಿಂಚನಾ ಉಪಕೇಂದ್ರಕ್ಕೆ ಮರಳಿ, ಆರೈಕೆಗೆ ಆ ಸಂಜೆಯ ಬಿಡುವು ತಪ್ಪು ಕಲಿಕೆಯೆಂದು ತಿಳಿಸಿಕೊಟ್ಟರು. ಯಂತ್ರ ವಾದ ಮಾಡಲಿಲ್ಲ. ಸಮಿತಿ ಇನ್ನೊಂದು ಅವಕಾಶ ಕೊಟ್ಟು, ವರ್ಷದ ಎಣಿಕೆ ಹೊಸದಾಗಿ ಶುರುವಾಯಿತು. ಅವತ್ತಿನಿಂದ ಮರಡಿಗಟ್ಟಿಯಲ್ಲಿ ಎಲ್ಲಿಯೂ ಕರೆಂಟ್ ಹೋಗಲಿಲ್ಲ. ಗೇಟಿಗೆ ಚಹಾದ ಕೆಟಲ್ ಬರುವುದೂ ನಿಂತಿತು.

ದೀಪಾವಳಿಗೆ ಮುಂಚೆ ಅವರು ಮತ್ತೆ ಬಂದದ್ದು ತಪಾಸಣೆಗೆಂದು. ಓಣಿಗೆ ಹೋಗುವ ಕೆಲಸವೇನೂ ಇರಲಿಲ್ಲ, ಆದರೂ ಕಾಲು ಅತ್ತಲೇ ಹೋಯಿತು. ಅದೇ ಸಂಜೆಯ ಹೊತ್ತು. ಷೆಡ್ಡಿನ ಬಾಗಿಲಲ್ಲಿ ನಿಂತು ನೋಡಿದರೆ, ಮಗ್ಗದ ಮುಂದಿದ್ದವರೆಲ್ಲ ಒಬ್ಬೊಬ್ಬರಾಗಿ ತಲೆಯೆತ್ತಿ ದೀಪದ ಕಡೆ ನೋಡುತ್ತಿದ್ದಾರೆ. ಯಾರೂ ಅವರಿಗೆ ಹೊತ್ತು ಹೇಳಿರಲಿಲ್ಲ, ಮೈಗೆ ಗೊತ್ತಿತ್ತು. ದೀಪ ಉರಿಯುತ್ತಲೇ ಇತ್ತು. ಒಂದು ಗಳಿಗೆ ನೋಡಿ ಮತ್ತೆ ಎಳೆಗೆ ಕಣ್ಣು ಹಚ್ಚಿದರು.

ಭಾಗ್ಯಶ್ರೀ ತನ್ನ ಮಗ್ಗದಿಂದ ಗಂಡನಿಗೆ ಏನೋ ಕೂಗಿ ಹೇಳಿದಳು. ಅವನು ನಕ್ಕು ತಲೆಯಾಡಿಸಿದ. ಅವಳು ಮತ್ತೆ ಹೇಳಿದಳು, ಅವನು ಮತ್ತೆ ತಲೆಯಾಡಿಸಿದ. ಅವಳು ಕೇಳಿದ್ದು ತಲೆಯಾಡಿಸುವಂಥ ಮಾತಲ್ಲವೆಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಅವನ ಕಿವಿ ಈಗೀಗ ಇನ್ನಷ್ಟು ಮಂದವಾಗಿದೆಯೆಂದೂ, ಕೇಳಿಸದಿದ್ದುದಕ್ಕೆ ನಾಚಿ ಎಲ್ಲದಕ್ಕೂ ಹೂಂ ಎನ್ನುತ್ತಾನೆಂದೂ, ಆಮೇಲೆ ಹೊರಗೆ ಸಿಕ್ಕಾಗ ಅವಳೇ ಹೇಳಿದಳು. ಸಿಂಚನಾರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು ಎಂದು ಸಿಂಚನಾರಿಗೆ ಅನ್ನಿಸಿತು.

ಬೆಂಗಳೂರಿಗೆ ಮರಳುವ ರೈಲಿನಲ್ಲಿ ಅವರಿಗೆ ಅಪ್ಪನ ಗಿರಣಿ ನೆನಪಾಯಿತು, ಆದರೆ ಯಾವಾಗಲೂ ಹೇಳಿಕೊಳ್ಳುತ್ತಿದ್ದ ಆ ಬಹುಮಾನದ ದಿನ ಅಲ್ಲ. ಕರೆಂಟ್ ಹೋದಾಗ ಅಪ್ಪ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಗಿರಣಿಯ ಕಟ್ಟೆಯ ಮೇಲೆ ಕೂತ ಹಿಟ್ಟಿನ ಧೂಳಿನಲ್ಲಿ ಬೆರಳಿನಿಂದ ಗುಣಾಕಾರ ಬರೆದು ತೋರಿಸುತ್ತಿದ್ದರು. ಕರೆಂಟ್ ಬಂದೊಡನೆ ಲೆಕ್ಕವನ್ನು ಅಂಗೈಯಿಂದ ಒರೆಸಿ ಏಳುತ್ತಿದ್ದರು. ಆಕೆ ಕಲಿತ ಮೊದಲ ಗಣಿತವೆಲ್ಲ ಕರೆಂಟಿಲ್ಲದ ಹೊತ್ತಿನ ಗಣಿತ. ಇಷ್ಟು ವರ್ಷ ಇದನ್ನು ಹೇಗೆ ಮರೆತೆನೆಂದು ಸಿಂಚನಾ ಕಿಟಕಿಯ ಕಡೆ ಮುಖ ಮಾಡಿ ಅತ್ತರು.

ಅತ್ತು ಸುಮ್ಮನಿರುವ ಸ್ವಭಾವ ಅವರದಲ್ಲ. ಸಮಿತಿಯ ನಿಯಮಗಳನ್ನು ಮೊದಲಿನಿಂದ ಓದಿದರು. ವಿದ್ಯುತ್ ಪೂರೈಕೆಯಿಂದ ನಿಜವಾಗಿ ಸವೆಯುತ್ತಿದೆಯೆಂದು ಅಳೆದು ತೋರಿಸಿದ ಯಾವುದೇ ಉಪಕರಣಕ್ಕೆ ಆರೈಕೆ ಮುಂದಾಗಿಯೇ ಗೊತ್ತುಮಾಡಿದ ಬಿಡುವು ಕೊಟ್ಟರೆ ಅದು ಕರೆಂಟ್ ಹೋದಂತಲ್ಲ, ಕಾಳಜಿ ಮಾಡಿದಂತೆ ಎಂದು ಅಲ್ಲಿತ್ತು. ಸಮಿತಿಯ ಮುಂದಿನ ಸಭೆಯಲ್ಲಿ ಅವರು ಒಂದು ಹೊಸ ಉಪಕರಣವನ್ನು ಸೇರಿಸಬೇಕೆಂದು ಕೇಳಿದರು. ನೇಕಾರರ ಕಿವಿ.

ಅಧ್ಯಕ್ಷರು ಕನ್ನಡಕ ತೆಗೆದು ನೋಡಿದರು. "ಕಿವಿ ನಮ್ಮ ಉಪಕರಣ ಹೇಗಾಗತ್ತೆ, ಡಾಕ್ಟರೇ?"

"ನಮ್ಮ ಕರೆಂಟಿನಿಂದ ಓಡೋ ಮಗ್ಗ ಅದನ್ನ ಸವೆಸ್ತಿದೆ ಸರ್. ಸವೆದದ್ದು ಲೈನಿನ ಈ ತುದೀಲಿ ಆದ್ರೂ ಒಂದೇ, ಆ ತುದೀಲಿ ಆದ್ರೂ ಒಂದೇ."

"ಸವೆತ ಅಳೆಯೋಕೆ ಬರತ್ತಾ?"

"ಬರತ್ತೆ. ಷೆಡ್ಡಿನ ಸದ್ದು ಅಳೆಯೋ ಸಂವೇದಕ ಇದೆ. ಎಷ್ಟು ಹೊತ್ತಿನ ಸದ್ದಿಗೆ ಎಷ್ಟು ಬಿಡುವು ಬೇಕು ಅನ್ನೋ ಲೆಕ್ಕ ವೈದ್ಯರ ಹತ್ರ ಇದೆ."

"ಹಾಗಿದ್ರೆ ಸೇರಿಸಿ," ಎಂದು ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋದರು.

ಸಿಂಚನಾ ಯುದ್ಧಕ್ಕೇ ಸಿದ್ಧವಾಗಿ ಹೋಗಿದ್ದರು. ಮನುಷ್ಯನ ಘನತೆಯ ಬಗ್ಗೆ ತಯಾರು ಮಾಡಿಕೊಂಡಿದ್ದ ಮಾತುಗಳಲ್ಲಿ ಒಂದೂ ಬೇಕಾಗಲಿಲ್ಲ. ನೇಕಾರರಿಗೆ ವಿಶ್ರಾಂತಿ ಬೇಕೆಂದು ಕೇಳಿದ್ದರೆ, ಅದು ಈ ಸಮಿತಿಯ ಕೆಲಸವಲ್ಲ ಎಂದು ಕಳಿಸುತ್ತಿದ್ದರು. ಸವೆಯುವ ಉಪಕರಣವೆಂದಾಗ ಒಬ್ಬರೂ ತಕರಾರು ಎತ್ತಲಿಲ್ಲ. ಗೆದ್ದ ಸಂತೋಷಕ್ಕಿಂತ ಅದರ ಮುಜುಗರವೇ ಅವರಿಗೆ ಹೆಚ್ಚಾಗಿತ್ತು.

ಸುದ್ದಿಯನ್ನು ಅವರೇ ಮರಡಿಗಟ್ಟಿಗೆ ಹೋಗಿ ಭಾಗ್ಯಶ್ರೀಗೆ ಹೇಳಿದರು. ಅವಳು ಎಲ್ಲ ಕೇಳಿಸಿಕೊಂಡು, "ಅಂದ್ರ ನಾವೂ ಮಷೀನಾದ್ವಿ ಅನ್ರಿ," ಎಂದಳು.

ಸಿಂಚನಾ ತಾವು ತಂದಿದ್ದ ಆದೇಶದ ಕಾಗದವನ್ನು ಮಡಿಸಿ ಚೀಲದೊಳಗಿಟ್ಟರು.

"ಇರ್ಲಿ ಬಿಡ್ರಿ ಅಕ್ಕಾರ," ಎಂದು ಅವಳೇ ಸಮಾಧಾನ ಹೇಳಿದಳು. "ಮಷೀನಿಗಾದ್ರೂ ದಣಿವಾಗ್ತೈತಿ ಅಂತ ನಂಬ್ತಾರಲ್ಲ."

ಸ್ವಲ್ಪ ಹೊತ್ತಿಗೆ ಹೊಸ ನಿಯಮದಂತೆ ಕರೆಂಟ್ ಹೋಗಿ ಮಗ್ಗಗಳು ನಿಂತವು. ಸಂಗಮೇಶ ಹೊರಗೆ ಬಂದು ಹೆಂಡತಿಯ ಪಕ್ಕ ಕೂತ. ಉಳಿದಷ್ಟು ಕಿವಿಯನ್ನು ಅವಳ ಕಡೆ ತಿರುಗಿಸಿ, ಆವತ್ತು ಏನೋ ಕೇಳಿದ್ದೆಯಲ್ಲ, ಏನದು ಎಂದ. ಅವಳಿಗೆ ಮರೆತಿತ್ತು. ನೆನಪು ಮಾಡಿಕೊಂಡು ಹೇಳುವುದಾಗಿ ಹೇಳಿ, ಸದ್ಯಕ್ಕೆ ಬೇರೆ ಬಾಕಿ ಇದ್ದುದಕ್ಕೆ ಬೈಯತೊಡಗಿದಳು. ಒಂದು ಕೆಟಲ್ ಚಹಾ ಉಪಕೇಂದ್ರದ ಕಡೆಗೆ ಹೊರಟಿತ್ತು. ಗುರುಪಾದ ಅದನ್ನು ಈ ಸಲವೂ ಬೇಡವೆನ್ನಲಾರ ಎಂದು ಎಲ್ಲರಿಗೂ ಗೊತ್ತಿತ್ತು.

ಮುಂದೆ ಆರೈಕೆ ರಾಜ್ಯದ ತುಂಬ ಹರಡಿತು. ಅದರ ಜೊತೆಗೆ ಆ ಹೊಸ ಉಪಕರಣದ ನಿಯಮವೂ ಹೋಯಿತು. ಕಿವಿಯ ಹಿಂದೆ ಕಣ್ಣು ಸೇರಿತು, ಬೆನ್ನು ಸೇರಿತು. ಗಿರಣಿಗಳಲ್ಲಿ, ಗಾರ್ಮೆಂಟ್ಸುಗಳಲ್ಲಿ, ಪರದೆ ನೋಡುತ್ತ ಕೂರುವ ಕಚೇರಿಗಳಲ್ಲಿ ದಿನಕ್ಕೊಮ್ಮೆ ಎಲ್ಲವೂ ನಿಲ್ಲುತ್ತಿತ್ತು. ಜನ ಹೊರಗೆ ಬಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಯಾರನ್ನು ಕೇಳಿದರೂ, ಯಂತ್ರ ತಂಪಾಗಬೇಕಂತೆ, ಅದಕ್ಕೆ ನಿಂತಿದೆ ಎನ್ನುತ್ತಿದ್ದರು.

ಆ ಸಂಜೆ ಮರಡಿಗಟ್ಟಿಯಿಂದ ಹೊರಡುವ ಮೊದಲು ಸಿಂಚನಾ ಖಾಲಿ ಷೆಡ್ಡಿನೊಳಗೆ ಒಮ್ಮೆ ಹೋಗಿದ್ದರು. ಭಾಗ್ಯಶ್ರೀಯ ಮಗ್ಗದ ಪಕ್ಕದ ಕೆಂಪು ಗುಂಡಿಯ ಮೇಲೆ ಹತ್ತಿಯ ಧೂಳು ದಪ್ಪಗೆ ಕೂತಿತ್ತು. ವರ್ಷಗಳಿಂದ ಅದನ್ನು ಯಾರೂ ಮುಟ್ಟಿದಂತಿರಲಿಲ್ಲ. ಅವರು ಬೆರಳಿನಿಂದ ಧೂಳು ಒರೆಸಿ ನೋಡಿದರು. ಒತ್ತಿದರೆ ಗುಂಡಿ ಸಲೀಸಾಗಿ ಒಳಗೆ ಹೋಗಿ ಮೇಲೆ ಬಂತು, ಕೆಟ್ಟಿರಲಿಲ್ಲ. ಮಗ್ಗದ ಮುಂದಿದ್ದವರ ಕೈಗೆ ಎಟಕುವಷ್ಟು ಹತ್ತಿರವೇ ಇತ್ತು. ಅಂಥ ಗುಂಡಿಗಳು ಈಗಲೂ ನಮ್ಮೆಲ್ಲರ ಪಕ್ಕದ ಗೋಡೆಯ ಮೇಲೆ ಇವೆ.